ಫೀಸು ಏರುವ ಮೊದಲೇ ಬ್ರಿಟನ್ನಿಗೆ ಹೋಗಿ ಸೇರಿಬಿಡಲೇ?

ಈ ವರ್ಷವೇ ಸೇರಿದರೆ ಹಳೇ ಫೀಸಿನಲ್ಲೇ ಎರಡು ವರ್ಷದ ಕೋರ್ಸ್ ಮುಗಿಯುತ್ತದೆ ಅಂದುಕೊಂಡಿದ್ದೀರಲ್ಲ, 2022ರಲ್ಲಿ ಹಾಸನದ ನಮ್ಮ ಮನೆಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಎಂ.ಆರ್ಕ್‌ಗೆ, ಅಂದರೆ ವಾಸ್ತುಶಿಲ್ಪದ ಸ್ನಾತಕೋತ್ತರ ಪದವಿಗೆ, ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿತ್ತು. ಮೊದಲ ವರ್ಷದ ಫೀಸು 19,000 ಪೌಂಡ್. ಅದನ್ನು ಎರಡರಿಂದ ಗುಣಿಸಿ, ಬಾಡಿಗೆ, ಊಟ ಸೇರಿಸಿ, ಮನೆ ಪತ್ರ ಇಟ್ಟು ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿಸಿದೆವು.

ನಾನು ಎಡವಿದ್ದು ಆ ಗುಣಾಕಾರದಲ್ಲೇ. ಆಫರ್ ಲೆಟರಿನ ಮೂರನೇ ಪುಟದಲ್ಲಿ, ಎರಡನೇ ವರ್ಷದ ಫೀಸು ಹೆಚ್ಚಾಗಬಹುದು ಅಂತ ಒಂದು ಸಾಲಿತ್ತು. ಓದಿರಲಿಲ್ಲ ಅಂತಲ್ಲ, ಓದಿದ್ದೆ. ಅಲ್ಲಿಯವರ ಫೀಸಿಗೆ ಸರ್ಕಾರ ಆಗ ವರ್ಷಕ್ಕೆ 9,250 ಪೌಂಡಿನ ಮಿತಿ ಹಾಕಿತ್ತಲ್ಲ, ನಮಗೂ ಅಂಥದ್ದೇನೋ ಇರುತ್ತದೆ ಅಂದುಕೊಂಡೆ. ಇರಲಿಲ್ಲ. ಆ ಮಿತಿ ಅಲ್ಲಿನ ಪದವಿ ವಿದ್ಯಾರ್ಥಿಗಳಿಗೆ ಮಾತ್ರ. 2017ರಿಂದ 2025ರವರೆಗೆ ಅದು ಒಂದು ಪೌಂಡೂ ಏರಲಿಲ್ಲ, ವಿಶ್ವವಿದ್ಯಾಲಯಗಳ ಖರ್ಚು ಮಾತ್ರ ಏರುತ್ತಲೇ ಹೋಯಿತು. ಆ ಕೊರತೆ ತುಂಬಿಕೊಳ್ಳಲು ಅವರ ಕೈಗೆ ಸಿಗುವುದು ಹೊರದೇಶದಿಂದ ಹೋದ ನಾವು. ನಮಗೆ ಎಷ್ಟು ಹಾಕಬೇಕೆಂದು ಅವರೇ ತೀರ್ಮಾನ ಮಾಡುತ್ತಾರೆ.

2023ರಲ್ಲಿ ಫೀಸು 20,500 ಆಯಿತು. 1,500 ಪೌಂಡ್ ತಾನೇ ಅನ್ನಿಸಬಹುದು. ಆದರೆ ನಾನು ಹೊರಟಾಗ 92 ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡ್ ಅಷ್ಟರಲ್ಲಿ 103ರ ಹತ್ತಿರ ಹೋಗಿತ್ತು. 17.5 ಲಕ್ಷ ಅಂದುಕೊಂಡಿದ್ದು 21 ಲಕ್ಷ ದಾಟಿತು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ವೀಸಾ ಬಿಡುವುದಿಲ್ಲ, ಆ ದುಡಿಮೆ ನನ್ನ ಬಾಡಿಗೆಗೇ ಸಾಲುತ್ತಿರಲಿಲ್ಲ. ಸಾಲ ಹೆಚ್ಚಿಸಿಕೊಡಿ ಅಂದರೆ ಬ್ಯಾಂಕಿನವರು ಇನ್ನೊಂದು ಆಸ್ತಿ ತೋರಿಸಿ ಅಂದರು. ಫೀಸಿನ ಕಂತು ಕಟ್ಟದಿದ್ದರೆ ಹೆಸರು ತೆಗೆಯುತ್ತೇವೆ ಅಂತ ವಿಶ್ವವಿದ್ಯಾಲಯದಿಂದ ಎರಡು ಸಲ ಇಮೇಲ್ ಬಂತು. ಹೆಸರು ಹೋದರೆ ವೀಸಾನೂ ಹೋಯಿತು.

ಅಮ್ಮ ಅವಲಕ್ಕಿ ಸರ ಅಡ ಇಟ್ಟಳು. ನನಗೆ ಹೇಳಿರಲಿಲ್ಲ. ವಿಡಿಯೊ ಕಾಲಿನಲ್ಲಿ ಸೆರಗನ್ನು ಕೊರಳ ಸುತ್ತ ಎಳೆದುಕೊಂಡು ಕೂತಿದ್ದಳು, ಶೀತ ಆಗಿದೆ ಅಂದಳು.

ಅದಕ್ಕೇ ಹೇಳುತ್ತೇನೆ, ಈ ವರ್ಷವೋ ಮುಂದಿನ ವರ್ಷವೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಏರಿಕೆ ಹೊಸಬರಿಗೆ ಮಾತ್ರ ಅಲ್ಲ. ಹೊಸಬರು ಬೇಡ ಅಂತ ಸುಮ್ಮನಿರಬಹುದು, ಒಳಗೆ ಸೇರಿಕೊಂಡವರು ಅರ್ಧಕ್ಕೆ ಬಿಟ್ಟು ಬರುವ ಹಾಗಿಲ್ಲ. ಕೋರ್ಸ್ ಮುಗಿಯುವ ತನಕ ಒಂದೇ ಫೀಸು ಅಂತ ಬರೆದು ಕೊಡುವ ವಿಶ್ವವಿದ್ಯಾಲಯಗಳೂ ಅಲ್ಲಿವೆ. ರ‍್ಯಾಂಕಿಂಗ್ ಕೊಂಚ ಕೆಳಗಿದ್ದರೂ ಅಂಥದ್ದಕ್ಕೇ ಹೋಗಿ. ಸಿಗದಿದ್ದರೆ ಒಂದು ವರ್ಷದ ಕೋರ್ಸ್ ನೋಡಿ. ಎರಡನೇ ವರ್ಷ ಹೆಚ್ಚೆಂದರೆ ಎಷ್ಟು ಏರಿಸುತ್ತೀರಿ ಅಂತ ಅಡ್ಮಿಷನ್ ಆಫೀಸಿಗೆ ನೀವೇ ಇಮೇಲ್ ಮಾಡಿ. ಏಜೆಂಟರ ಬಾಯಿಮಾತು ನಂಬಬೇಡಿ, ನೀವು ಸೇರಿದರೆ ಅವರಿಗೆ ಕಮಿಷನ್ ಬರುತ್ತದೆ. ಲಿಖಿತ ಉತ್ತರ ಬರುವವರೆಗೆ ಡೆಪಾಸಿಟ್ ಕಟ್ಟಬೇಡಿ, ಮನೆ ಪತ್ರ ಬೀರುವಿನಿಂದ ತೆಗೆಯಬೇಡಿ.