ತಂಗಿಗೆ ಬಾರ್ಡರ್‌ಲೈನ್ ಅಂದಿದ್ದಾರೆ, ಇದು ಕಾಯಿಲೆಯಾ ನಾಟಕವಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಂಗಿಗೆ 23 ವರ್ಷ. ಮನಸ್ಸಿಗೆ ನೋವಾದಾಗಲೆಲ್ಲ ಬಾಗಿಲು ಹಾಕಿಕೊಂಡು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಾಳೆ. ಡಾಕ್ಟರು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಬರೆದುಕೊಟ್ಟಿದ್ದಾರೆ, ಅಮ್ಮ ಮಾತ್ರ ‘ಎಲ್ಲಾ ನಾಟಕ’ ಅಂತಾರೆ. ಇದು ವಾಸಿಯಾಗುತ್ತಾ, ಮನೆಯವರು ಏನು ಮಾಡಬೇಕು ಎಂದು ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಬಸವನಗುಡಿಯ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. 26ನೇ ವಯಸ್ಸಿನಲ್ಲಿ ನನಗೂ ಇದೇ ಹೆಸರು ಬರೆದುಕೊಟ್ಟಿದ್ದರು. ಈಗ 34.

ಮೊದಲು ನಾಟಕದ ಮಾತು. ನಾಟಕಕ್ಕೆ ನೋಡುವವರು ಬೇಕು ಅಲ್ವಾ? ನನ್ನ ವಿಷಯ ಅಮ್ಮನಿಗೆ ಗೊತ್ತಾಗಿದ್ದೇ ಮೂರು ವರ್ಷ ಕಳೆದ ಮೇಲೆ. ಹಾಲು ಎಲ್ಲರ ಮನೆಯಲ್ಲೂ ಕಾಯುತ್ತದೆ. ನಮ್ಮದು ಒಲೆ ಹಚ್ಚಿದ ತಕ್ಷಣ ಉಕ್ಕುತ್ತದೆ, ಆರುವುದಕ್ಕೂ ಜಾಸ್ತಿ ಹೊತ್ತು ಬೇಕು. ಗೆಳತಿ ಮೆಸೇಜ್ ನೋಡಿ ಒಂದು ಗಂಟೆ ಉತ್ತರ ಕೊಡದಿದ್ದರೆ ನಿಮಗೆ ಬೇಜಾರಾಗಬಹುದು. ನನಗೆ ಅವಳು ಶಾಶ್ವತವಾಗಿ ಬಿಟ್ಟುಹೋದಳು ಎಂದೇ ಅನಿಸುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಬೆಳಿಗ್ಗೆ ದೇವರಂತೆ ಕಂಡವಳು ಸಂಜೆಗೆ ಶತ್ರು. ಇದೆಲ್ಲ ಮುಗಿದ ಮೇಲೆ ಒಳಗೆ ಬರೀ ಖಾಲಿ.

ಆ ಉಕ್ಕನ್ನು ತಡೆಯಲು ಬೇರೆ ದಾರಿ ಗೊತ್ತಿಲ್ಲದಾಗ ಕೈಗೆ ಸಿಕ್ಕಿದ ದಾರಿ ಗಾಯ. ಸ್ವಲ್ಪ ಹೊತ್ತು ಗಮನ ಬೇರೆ ಕಡೆ ಹೋಗುತ್ತದೆ, ಅಷ್ಟೇ. ಆಮೇಲೆ ಬರುವುದು ನಾಚಿಕೆ. ಆ ನಾಚಿಕೆಯೇ ಮುಂದಿನ ಸಲಕ್ಕೆ ಬೆಂಕಿ ಹಾಕುತ್ತದೆ. ‘ಥೂ, ನಾಚಿಕೆ ಆಗಲ್ವಾ’ ಎಂದು ಬೈದಾಗ ಏನಾಗುತ್ತದೆ ಎಂದು ಇನ್ನು ನೀವೇ ಯೋಚಿಸಿ. ಒಂದು ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಮಾಡುತ್ತಾ ಡಾಕ್ಟರೇ ನನಗೆ ಹಾಗೆ ಅಂದಿದ್ದರು.

ಬಹಳ ಸಲ ಗಾಯ ಮಾಡಿಕೊಳ್ಳುವುದು ಸಾಯಬೇಕೆಂದಲ್ಲ. ಹಾಗಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಕಾಯಿಲೆ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಬೇರೆಯವರಿಗಿಂತ ತುಂಬಾ ಜಾಸ್ತಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಎಮರ್ಜೆನ್ಸಿ ಹಗಲು ರಾತ್ರಿ ಇರುತ್ತದೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಆ ಹೆದರಿಕೆ ಬೇಡ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಆ ಕಾನೂನು ನೋಡುತ್ತದೆ, ಶಿಕ್ಷಿಸುವುದಿಲ್ಲ. ಮನೆಯಲ್ಲಿ ಮಾತ್ರೆಗಳೇನಿದ್ದರೂ ನಿಮ್ಮ ಬೀರುವಿನಲ್ಲಿ ಬೀಗ ಹಾಕಿಡಿ.

ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಸೋದರಮಾವ ‘ಬಾರ್ಡರ್ ಅಂದ್ರೆ ಜಸ್ಟ್ ಪಾಸ್ ತಾನೇ, ಪರವಾಗಿಲ್ಲ ಬಿಡು’ ಎಂದಿದ್ದರು! ಅಡಾಲ್ಫ್ ಸ್ಟರ್ನ್ ಎನ್ನುವ ಮನೋವೈದ್ಯರು 1938ರಲ್ಲಿ ಬಳಸಿದ ಪದ ಅದು. ಆಗಿನವರು ಎರಡು ಬಗೆಯ ಕಾಯಿಲೆಗಳ ಗಡಿಯಲ್ಲಿ ಇದನ್ನು ಇಟ್ಟಿದ್ದರು. ಆ ವಿಚಾರ ಹಳತಾಯಿತು, ಹೆಸರು ಉಳಿಯಿತು. ಈಗ ಡಾಕ್ಟರುಗಳು ಬಳಸುವ ಅಮೆರಿಕದ ಕೈಪಿಡಿಯಲ್ಲಿ 9 ಲಕ್ಷಣಗಳಿವೆ, 5 ಇದ್ದರೆ ಈ ಹೆಸರು. ಒಬ್ಬರದು ಇನ್ನೊಬ್ಬರ ಹಾಗೆ ಇರಲೇಬೇಕೆಂದಿಲ್ಲ. ನನ್ನನ್ನು ಎರಡು ವರ್ಷ ಬೈಪೋಲಾರ್ ಎಂದುಕೊಂಡು ಮಾತ್ರೆ ಕೊಟ್ಟಿದ್ದರು. ಬೈಪೋಲಾರ್‌ನಲ್ಲಿ ಮನಸ್ಸಿನ ಏರಿಳಿತ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ನಮ್ಮದು ಒಂದೇ ದಿನದಲ್ಲಿ ನಾಲ್ಕು ಸಲ, ಅದೂ ಹೆಚ್ಚಾಗಿ ಯಾರದೋ ಒಂದು ಮಾತಿನಿಂದ.

ಮಾತ್ರೆಯಿಂದ ಹೋಗುತ್ತಾ ಅಂದರೆ, ಇದಕ್ಕೇ ಅಂತ ಒಂದು ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ನಿದ್ದೆಗೆ ಕೊಡುತ್ತಾರೆ. ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ. ಮುಖ್ಯ ಚಿಕಿತ್ಸೆ ಥೆರಪಿ. ನನಗೆ ಕೈಹಿಡಿದದ್ದು ಡಿಬಿಟಿ, ಪೂರ್ತಿ ಹೆಸರು ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಇದನ್ನು ಕಟ್ಟಿದವರು ಅಮೆರಿಕದ ಮಾರ್ಷಾ ಲಿನೆಹನ್. ಇದರ ಮೇಲೆ ಅವರ ಮೊದಲ ದೊಡ್ಡ ಅಧ್ಯಯನ 1991ರಲ್ಲಿ ಬಂತು. 20 ವರ್ಷ ಆದ ಮೇಲೆ, 2011ರಲ್ಲಿ, ಹದಿಹರೆಯದಲ್ಲಿ ತಾವೂ ಹೀಗೇ ಗಾಯ ಮಾಡಿಕೊಂಡು ಎರಡು ವರ್ಷಕ್ಕೂ ಜಾಸ್ತಿ ಆಸ್ಪತ್ರೆಯಲ್ಲಿದ್ದುದನ್ನು ಅವರೇ ಹೇಳಿಕೊಂಡರು. ಇದನ್ನು ಓದಿದ ದಿನ ನಾನು ಆಫೀಸಿನ ಬಾತ್‌ರೂಮಿನಲ್ಲಿ ಕೂತು ಅತ್ತಿದ್ದೇನೆ.

ವಾರಕ್ಕೊಂದು ದಿನ ಥೆರಪಿಸ್ಟ್ ಜೊತೆ ಒಬ್ಬರೇ ಕೂರಬೇಕು, ಇನ್ನೊಂದು ದಿನ ಗುಂಪಿನಲ್ಲಿ ಪಾಠ. ಹೋಂವರ್ಕೂ ಉಂಟು! ಸಾಮಾನ್ಯವಾಗಿ ಒಂದು ವರ್ಷದ ಮಾತು. ನನಗೆ ತುಂಬಾ ಹಿಡಿಸಿದ್ದು ಹಿಂದಕ್ಕೆ ಹೋಗಿ ಹುಡುಕುವ ಕೆಲಸ. ಲೆಕ್ಕ ತಾಳೆಯಾಗದಿದ್ದರೆ ಕೊನೆಯ ಸಾಲನ್ನು ಎಷ್ಟು ನೋಡಿದರೂ ತಪ್ಪು ಸಿಗಲ್ಲ, ಒಂದೊಂದೇ ಎಂಟ್ರಿ ಹಿಂದೆ ಹೋಗಬೇಕು. ಇದೂ ಹಾಗೇ. ಬುಧವಾರ ರಾತ್ರಿ ಯಾಕೆ ಹಾಗಾಯಿತು? ಅಕ್ಕ ಫೋನ್ ಕಟ್ ಮಾಡಿದಳು. ಅದಕ್ಕೂ ಮುಂಚೆ? ಬಾಸ್ ಎಲ್ಲರೆದುರು ಏನೋ ಅಂದರು. ಅದಕ್ಕೂ ಮುಂಚೆ? ಮಧ್ಯಾಹ್ನ ಊಟ ಮಾಡಿರಲಿಲ್ಲ, ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ನನ್ನ ತಪ್ಪು ಎಂಟ್ರಿ ಮುಕ್ಕಾಲು ಪಾಲು ಊಟ ನಿದ್ದೆಯಲ್ಲೇ ಸಿಗುತ್ತಿತ್ತು.

ಇನ್ನು ಉಕ್ಕುವ ಹೊತ್ತಿಗೆ ತಣ್ಣೀರು. ಉಕ್ಕುವ ಹಾಲಿಗೆ ಅಜ್ಜಿ ಒಂದಿಷ್ಟು ನೀರು ಚಿಮುಕಿಸುತ್ತಿದ್ದರಲ್ಲ, ಹಾಗೆ. ತುಂಬಾ ತಣ್ಣಗಿರುವ ನೀರಿನಲ್ಲಿ ಮುಖ ಅದ್ದಿ ಅರ್ಧ ನಿಮಿಷ ಉಸಿರು ಹಿಡಿದರೆ ಎದೆಬಡಿತ ನಿಧಾನವಾಗುತ್ತದೆ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಮಾಡಬೇಕು. ಸುಮ್ನೆ ಕೇಳಿದರೆ ನಗು ಬರುತ್ತೆ, ಆದರೆ ಎಷ್ಟೋ ರಾತ್ರಿಗಳನ್ನು ದಾಟಿಸಿದ್ದು ನಮ್ಮ ಮನೆಯ ಸ್ಟೀಲ್ ಬೇಸಿನ್ನು.

ಲಂಡನ್ನಿನ ಬೇಟ್‌ಮನ್ ಮತ್ತು ಫೋನಗಿ ಎನ್ನುವವರು ಕಟ್ಟಿದ ಎಂಬಿಟಿ (ಮೆಂಟಲೈಸೇಶನ್ ಥೆರಪಿ) ಅಂತ ಇನ್ನೊಂದು ಇದೆ, ಸ್ಕೀಮಾ ಥೆರಪಿ ಅಂತಲೂ ಇದೆ. ಬೆಂಗಳೂರಿನಲ್ಲಿ ಡಿಬಿಟಿ ಮಾಡ್ತೀವಿ ಅನ್ನುವವರು ಸಿಕ್ಕರೆ ಗುಂಪಿನ ಪಾಠ ಇದೆಯಾ, ನಡುವೆ ಕಷ್ಟವಾದರೆ ಫೋನ್ ಮಾಡಬಹುದಾ ಎಂದು ಮೊದಲೇ ಕೇಳಿ.

ಮನೆಯಲ್ಲಿ ಆಣೆ ಹಾಕಿಸಬೇಡಿ. ಅಮ್ಮ ನನ್ನನ್ನು ದೊಡ್ಡ ಗಣಪತಿ ಗುಡಿಗೆ ಕರೆದುಕೊಂಡು ಹೋಗಿ ಆಣೆ ಹಾಕಿಸಿದಳು. ಹನ್ನೊಂದನೇ ದಿನಕ್ಕೆ ಮುರಿಯಿತು. ಈಗ ದೇವರಿಗೂ ಮೋಸ ಮಾಡಿದವಳು ನಾನು. ಗಾಯವಾದರೆ ಕಿರುಚದೆ ಶುಚಿ ಮಾಡಿ, ಬೇಕಾದರೆ ಡಾಕ್ಟರ ಹತ್ತಿರ ಹೋಗಿ. ‘ತುಂಬಾ ಸಂಕಟ ಆಗಿರಬೇಕು ಅಲ್ವಾ’ ಅನ್ನಿ. ಮಾಡಿಕೊಂಡದ್ದನ್ನು ಸರಿ ಅನ್ನಬೇಕಾಗಿಲ್ಲ, ಸಂಕಟವನ್ನು ನಂಬಿದರೆ ಸಾಕು. ಉಳಿದ ಮಾತು ಮಾರನೆಯ ದಿನಕ್ಕಿರಲಿ.

ವಾಸಿಯಾಗುತ್ತಾ ಅಂದಿರಿ. ಅಮೆರಿಕದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥವರನ್ನು ಗಮನಿಸಿದ್ದಾರೆ. ಹೆಚ್ಚಿನವರಿಗೆ ಆಮೇಲೆ ಈ ಹೆಸರೇ ಅನ್ವಯಿಸುತ್ತಿರಲಿಲ್ಲ. ಗಾಯ ಮಾಡಿಕೊಳ್ಳುವುದು ಬೇಗ ಕಡಿಮೆಯಾಗುತ್ತದೆ, ಆ ಖಾಲಿತನ ನಿಧಾನ. ನನಗೂ ಕೆಲವು ಭಾನುವಾರ ಅದು ಈಗಲೂ ಬಂದು ಕೂರುತ್ತದೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ನಮ್ಮಮ್ಮ ಅಲ್ಲಿ ಕೇಳಿದ ಮೊದಲ ಪ್ರಶ್ನೆ ‘ಇವಳಿಗೆ ಮದುವೆ ಮಾಡಬಹುದಾ?’ ಡಾಕ್ಟರು ‘ಅವಳನ್ನೇ ಕೇಳಿ’ ಅಂದರು. ವಾಪಸ್ ಬರುವಾಗ, ಡೇರಿ ಸರ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತ ಆಟೋದಲ್ಲಿ, ಅಮ್ಮ ನಿಜವಾಗಲೂ ಕೇಳಿದಳು. ಮದುವೆ ಬಗ್ಗೆ ಅಲ್ಲ. ‘ಅಷ್ಟೊಂದು ನೋವಾಗ್ತಿತ್ತಾ?’ ಅಂತ.