ಟಿ ಕೋಶಗಳಿದ್ದರೂ ಗಡ್ಡೆ ಬೆಳೆದದ್ದೇಕೆ?

ಪತ್ರ: ‘ನಮ್ಮ ತಂದೆಯ ದೊಡ್ಡ ಕರುಳಿನ ಬಲಭಾಗದಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ತೆಗೆದಿದ್ದಾರೆ. ಗಡ್ಡೆಯೊಳಗೆ ಲಿಂಫೋಸೈಟ್‌ಗಳು ಹೇರಳವಾಗಿವೆ ಎಂದು ಪೆಥಾಲಜಿ ವರದಿ ಹೇಳುತ್ತದೆ. ರೋಗದ ಜೊತೆ ಹೋರಾಡುವ ಕೋಶಗಳು ಅಷ್ಟಿದ್ದರೂ ಗಡ್ಡೆ ಬೆಳೆದದ್ದು ಹೇಗೆ? ರೋಗನಿರೋಧಕ ಶಕ್ತಿಗೆ ಕಷಾಯ ಕೊಡಬಹುದೇ?’
— ಓದುಗರೊಬ್ಬರು, ಲಕ್ಷ್ಮೇಶ್ವರ

ಸಂಪಾದಕರ ಉತ್ತರ: ವರದಿಯ ಆ ಒಂದು ಸಾಲನ್ನು ನೀವು ಬಿಡದೆ ಓದಿದ್ದು ಒಳ್ಳೆಯದಾಯಿತು. ತಂದೆಯವರ ಮುಂದಿನ ಚಿಕಿತ್ಸೆಯ ದಿಕ್ಕನ್ನೇ ಅದು ಬದಲಿಸಬಹುದು.

ಗಡ್ಡೆಯೊಳಗೆ ಕಾಣುವ ಲಿಂಫೋಸೈಟ್‌ಗಳಲ್ಲಿ ಹೆಚ್ಚಿನವು ಟಿ ಕೋಶಗಳು. ಅವುಗಳಲ್ಲಿ ಸಿಡಿ8 ಗುಂಪಿನವು ಕೊಲ್ಲುವವು. ಕ್ಯಾನ್ಸರ್ ಕೋಶ ತನ್ನ ಮೈಮೇಲೆ ಎತ್ತಿ ಹಿಡಿದ ಪ್ರೋಟೀನ್ ತುಣುಕನ್ನು ಗುರುತು ಹಿಡಿದರೆ, ಪರ್ಫೊರಿನ್‌ನಿಂದ ಅದರ ಗೋಡೆಗೆ ತೂತು ಕೊರೆದು ಗ್ರಾಂಜೈಮ್ ಒಳಸೇರಿಸಿ ಸಾಯಿಸುತ್ತವೆ. ಆದರೆ ಗಡ್ಡೆಯಲ್ಲಿರುವ ಪ್ರತಿ ಟಿ ಕೋಶವೂ ಗಡ್ಡೆಯ ವೈರಿಯೇ ಆಗಿರಬೇಕೆಂದಿಲ್ಲ. ಹಳೆಯ ಫ್ಲೂ ಅಥವಾ ಸೈಟೊಮೆಗಲೊ ವೈರಸ್‌ನ ನೆನಪು ಹೊತ್ತ ಕೋಶಗಳೂ ಅಲ್ಲಿ ಸುಮ್ಮನೆ ತಿರುಗಾಡುತ್ತಿರುತ್ತವೆ ಎಂಬುದು 2018ರಲ್ಲಿ ಸ್ಪಷ್ಟವಾಯಿತು. ಗಡ್ಡೆಯನ್ನು ನಿಜಕ್ಕೂ ಗುರುತಿಸಿದ ಕೋಶಗಳ ಕಷ್ಟ ಬೇರೆ. ತಿಂಗಳುಗಟ್ಟಲೆ ಅದೇ ಗುರುತನ್ನು ಎದುರಿಸುತ್ತಾ ಅವು ದಣಿಯುತ್ತವೆ, ಮೈಮೇಲೆ ಪಿಡಿ-1 ಎಂಬ ತಡೆಗುಂಡಿ ಮೂಡುತ್ತದೆ, ಗಡ್ಡೆ ಪಿಡಿ-ಎಲ್1 ಚಾಚಿ ಆ ಗುಂಡಿಯನ್ನು ಒತ್ತಿ ಹಿಡಿಯುತ್ತದೆ. ಕೋಶ ಜೀವಂತವಿದ್ದರೂ ಕೆಲಸ ನಿಲ್ಲುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ.

ಟಿ ಕೋಶ ಎಲ್ಲಿ ನಿಂತಿದೆ ಎಂಬುದಕ್ಕೂ ಬೆಲೆಯಿದೆ. ಪ್ಯಾರಿಸ್‌ನ ಜೆರೋಮ್ ಗಾಲೋನ್ ತಂಡ 2006ರಲ್ಲಿ ಗಡ್ಡೆಯ ನಡುಭಾಗ ಮತ್ತು ಅಂಚು ಎರಡರಲ್ಲೂ ಟಿ ಕೋಶಗಳನ್ನು ಎಣಿಸಿತು. ಎರಡೂ ಕಡೆ ದಟ್ಟವಾಗಿದ್ದವರಲ್ಲಿ ರೋಗ ಮರುಕಳಿಸುವುದು ಕಡಿಮೆಯಿತ್ತು. ಕರುಳಿನ ಕ್ಯಾನ್ಸರ್‌ಗಳಲ್ಲಿ ಬಹುಪಾಲು, ಅಂದರೆ 100ರಲ್ಲಿ ಸುಮಾರು 85, ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆ (ಎಂಎಂಆರ್) ಸರಿಯಾಗಿಯೇ ಇರುವವು. ಅವುಗಳಲ್ಲಿ ಅನೇಕ ಸಲ ಟಿ ಕೋಶಗಳು ಹೊಲಕ್ಕಿಳಿಯದೆ ಬದುವಿನ ಮೇಲೆ ನಿಂತ ಆಳುಗಳಂತೆ ಅಂಚಿನಲ್ಲೇ ಉಳಿಯುತ್ತವೆ. ಟಿಜಿಎಫ್-ಬೀಟಾ ಎಂಬ ರಾಸಾಯನಿಕ ಅವನ್ನು ಒಳಗೆ ಬಿಡುವುದಿಲ್ಲ. ಅಂಥವರಿಗೆ ಪಿಡಿ-1 ತಡೆಯುವ ಔಷಧವೊಂದನ್ನೇ ಕೊಟ್ಟರೆ ಹಣ ಹೋಗುತ್ತದೆ, ಗುಣ ಕಾಣುವುದು ತೀರಾ ಅಪರೂಪ.

ಉಳಿದ 15ರಲ್ಲಿ ಡಿಎನ್‌ಎ ನಕಲಿನ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ತಪ್ಪುಗಳು ರಾಶಿ ಬಿದ್ದು, ದೇಹ ಎಂದೂ ಕಾಣದ ಪ್ರೋಟೀನ್ ತುಣುಕುಗಳು ಹುಟ್ಟುತ್ತವೆ. ಅವನ್ನು ಕಂಡ ಟಿ ಕೋಶಗಳು ಒಳಗೆ ನುಗ್ಗುತ್ತವೆ. ಈ ಬಗೆಯ ಗಡ್ಡೆ ಬಲಭಾಗದಲ್ಲೇ ಹೆಚ್ಚು, ಲಿಂಫೋಸೈಟ್ ಹೇರಳವಾಗಿರುವುದು ಅದರ ಲಕ್ಷಣ. ತಂದೆಯವರ ವರದಿ ಇದಕ್ಕೆ ಹೊಂದುತ್ತದೆ, ಆದರೆ ಹೊಂದಿದ ಮಾತ್ರಕ್ಕೆ ಖಾತ್ರಿಯಾಗದು. ಎಂಎಂಆರ್ ಪರೀಕ್ಷೆ ಮಾಡಿಸಲೇಬೇಕು.

ಅದಕ್ಕೆ ಮತ್ತೆ ಬಯಾಪ್ಸಿ ಬೇಡ. ಆಪರೇಷನ್ನಿನಲ್ಲಿ ತೆಗೆದ ಅಂಗಾಂಶದ ಮೇಣದ ಬ್ಲಾಕ್ ಲ್ಯಾಬಿನಲ್ಲಿರುತ್ತದೆ, ಅದನ್ನು ಕೇಳಿ ಪಡೆಯಿರಿ. ಅದರಿಂದ 3–4 ಮೈಕ್ರಾನ್ ದಪ್ಪದ ಪದರಗಳನ್ನು ಸೀಳಿ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ, ಆ ತಪ್ಪು ತಿದ್ದುವ ನಾಲ್ಕು ಪ್ರೋಟೀನ್‌ಗಳಿಗೆ ಬಣ್ಣ ಹಾಕುತ್ತಾರೆ. ಗಡ್ಡೆಯ ಕೋಶಕೇಂದ್ರಕ್ಕೆ ಬಣ್ಣ ಹತ್ತದೆ, ಪಕ್ಕದ ಲಿಂಫೋಸೈಟ್‌ಗಳಿಗೆ ಹತ್ತಿದ್ದರೆ ಮಾತ್ರ ಆ ಪ್ರೋಟೀನ್ ಇಲ್ಲವೆಂದರ್ಥ. ಎರಡಕ್ಕೂ ಹತ್ತದಿದ್ದರೆ ಪರೀಕ್ಷೆಯೇ ಕೆಟ್ಟಿದೆ. ಇದು ಸಾಮಾನ್ಯವಾಗಿ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಎಡವಟ್ಟು. ಕರುಳನ್ನು ಸೀಳದೆ ಇಡಿಯಾಗಿ ಸಣ್ಣ ಡಬ್ಬಿಗೆ ತುರುಕಿದರೆ ದ್ರಾವಣ ಒಳಕ್ಕಿಳಿಯುವುದಿಲ್ಲ. ಅಂಗಾಂಶದ ಹತ್ತು ಪಟ್ಟು ಶೇ 10ರ ಬಫರ್ಡ್ ಫಾರ್ಮಲಿನ್ ಬೇಕು, 6ರಿಂದ 72 ಗಂಟೆ ನೆನೆಯಬೇಕು. ಒಳಗಿನ ಲಿಂಫೋಸೈಟ್‌ಗಳಿಗೆ ಬಣ್ಣ ಹತ್ತಿದೆಯೇ ಎಂದು ಪೆಥಾಲಜಿಸ್ಟರನ್ನು ಸಂಕೋಚವಿಲ್ಲದೆ ಕೇಳಿ.

ಎಂಎಲ್‌ಎಚ್1, ಪಿಎಂಎಸ್2 ಜೊತೆಯಾಗಿ ಕಾಣೆಯಾಗಿದ್ದರೆ ಮುಂದೆ ಬಿಆರ್‌ಎಎಫ್ ಎಂಬ ಜೀನ್‌ನ ಪರೀಕ್ಷೆ. ಎಂಎಸ್‌ಎಚ್2, ಎಂಎಸ್‌ಎಚ್6 ಕಾಣೆಯಾಗಿದ್ದರೆ ವಂಶದಲ್ಲಿ ಹರಿಯುವ ಲಿಂಚ್ ಸಿಂಡ್ರೋಮ್ ಇರಬಹುದು. ತಂದೆಯವರಲ್ಲಿ ಅದು ಖಾತ್ರಿಯಾದರೆ ಮಕ್ಕಳಾದ ನಿಮಗೂ ಜೀನ್ ಪರೀಕ್ಷೆ ಬೇಕು.

ಎಂಎಂಆರ್ ಕೆಟ್ಟಿದ್ದು ರೋಗ ಎರಡನೇ ಹಂತದಲ್ಲಿದ್ದರೆ 5-ಎಫ್‌ಯು ಕಿಮೋ ಒಂದನ್ನೇ ಕೊಡುವುದರಿಂದ ಲಾಭವಿಲ್ಲ. ನಾಲ್ಕನೇ ಹಂತದಲ್ಲಿದ್ದರೆ ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧ ಮೊದಲ ಆಯ್ಕೆಗಳಲ್ಲಿ ಒಂದು. 2020ರಲ್ಲಿ ಪ್ರಕಟವಾದ 307 ರೋಗಿಗಳ ಪ್ರಯೋಗದಲ್ಲಿ ರೋಗ ಬೆಳೆಯದೆ ನಿಂತ ಮಧ್ಯಾಂಕ ಅವಧಿ (ಅರ್ಧದಷ್ಟು ರೋಗಿಗಳು ದಾಟಿದ ಅವಧಿ) ಕಿಮೋದಲ್ಲಿ 8.2 ತಿಂಗಳು, ಈ ಔಷಧದಲ್ಲಿ 16.5 ತಿಂಗಳು.

ಕಷಾಯ ಬೇಡ. ಪಿಡಿ-1ರ ತಡೆಯನ್ನು ಯಾವ ಕಷಾಯವೂ ಬಿಡಿಸಿದ ಪುರಾವೆಯಿಲ್ಲ, ಕಿಮೋ ನಡೆಯುವಾಗ ಗೊತ್ತಿಲ್ಲದ ಬೇರುಗಳು ಲಿವರ್‌ಗೆ ಪೆಟ್ಟು ಕೊಡಬಲ್ಲವು. ಇಮ್ಯುನೊಥೆರಪಿ, ಅಂದರೆ ಪಿಡಿ-1 ತಡೆಯುವ ಔಷಧ, ಶುರುವಾದರೆ ಇನ್ನೊಂದು ಎಚ್ಚರ: ತಡೆ ಬಿಟ್ಟ ಟಿ ಕೋಶಗಳು ಒಳ್ಳೆಯ ಕರುಳಿಗೂ ಬೀಳಬಹುದು. ವಾಡಿಕೆಗಿಂತ ದಿನಕ್ಕೆ ನಾಲ್ಕು ಸಲ ಹೆಚ್ಚು ಭೇದಿಯಾದರೆ, ರಕ್ತ ಬಿದ್ದರೆ, ಮನೆಮದ್ದಿನಲ್ಲಿ ದಿನ ಕಳೆಯದೆ ಅದೇ ದಿನ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿ. ಲಕ್ಷ್ಮೇಶ್ವರದಿಂದ ಹುಬ್ಬಳ್ಳಿಗೆ ಹೊರಡುವ ಮೊದಲೇ ಮಾಡಿ.