ಹಳೆ ಮೋಟರ್‌ಹೋಮಾ, ಹೊಸದಾ? ಗೋಡೆ ಮುಟ್ಟಿ ನೋಡಿ

ನಿಮ್ಮ ಮೆಸೇಜ್ ಓದಿದೆ. ಫ್ರಾಂಕ್‌ಫರ್ಟಿಗೆ ಬಂದು ಎಂಟು ತಿಂಗಳು, ಎರಡು ಚಿಕ್ಕ ಮಕ್ಕಳು, ಬೇಸಿಗೆ ರಜೆಗೆ ಆಸ್ಟ್ರಿಯಾ ಕಡೆ ಹೋಗೋ ಆಸೆ, ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮಿನ, ಅಂದರೆ ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಗಾಡಿಯ, ಎರಡು ಜಾಹೀರಾತು. ಒಂದು 2003ರ ಡೀಸೆಲ್ ಗಾಡಿ, ಡ್ರೈವರ್ ತಲೆ ಮೇಲೆ ಹಾಸಿಗೆ ಇರೋ ತರದ್ದು, 95 ಸಾವಿರ ಕಿಲೋಮೀಟರ್ ಓಡಿದೆ, ಬೆಲೆ 17 ಸಾವಿರ ಯೂರೋ. ಇನ್ನೊಂದು 2021ರದ್ದು, ಬೆಲೆ 58 ಸಾವಿರ ಯೂರೋ, ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಸಾಲ ಮಾಡಬೇಕು. ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಎರಡೂ ಬೇಡ. ಯಾಕೆ ಅಂತ ಹೇಳ್ತೀನಿ.

ಅದಕ್ಕೂ ಮುಂಚೆ ಲೈಸೆನ್ಸ್. ಇಲ್ಲಿ ವಾಸ ಶುರು ಮಾಡಿದ ಆರು ತಿಂಗಳವರೆಗೆ ಮಾತ್ರ ನಮ್ಮ ಊರಿನ ಲೈಸೆನ್ಸ್ ನಡೆಯುತ್ತದೆ. ನಿಮಗೆ ಆ ಗಡುವು ಮುಗಿದಿದೆ. ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗದೆ ಗಾಡಿ ಮುಟ್ಟಬೇಡಿ, ಬೆಂಗಳೂರಲ್ಲಿ ಎಷ್ಟೇ ವರ್ಷ ಓಡಿಸಿದ್ದರೂ ಅಷ್ಟೇ. ಸಿಗೋ ಬಿ ಕ್ಲಾಸ್ ಲೈಸೆನ್ಸಿನಲ್ಲಿ ಜನ, ಸಾಮಾನು ಎಲ್ಲ ಸೇರಿ 3.5 ಟನ್ ತನಕದ ಗಾಡಿ ಓಡಿಸಬಹುದು. ಈ 3.5 ಅನ್ನೋ ಅಂಕಿ ನೆನಪಲ್ಲಿಡಿ, ಆಮೇಲೆ ಬೇಕಾಗುತ್ತೆ.

ಈಗ ನಿಮ್ಮ 2003ರ ಗಾಡಿ. ಫ್ರಾಂಕ್‌ಫರ್ಟ್ ನಗರದೊಳಗೆ ಹೊಗೆ ಕಡಿಮೆ ಅಂತ ತೋರಿಸೋ ಹಸಿರು ಸ್ಟಿಕ್ಕರ್ ಇಲ್ಲದೆ ಬರೋ ಹಾಗಿಲ್ಲ. ಡೀಸೆಲ್ ಆದರೆ ಯೂರೋ 4 (ಇದು ದುಡ್ಡಲ್ಲ, ಹೊಗೆಯ ಮಾನದಂಡ) ಇರಬೇಕು, ಇಲ್ಲವೇ ಯೂರೋ 3 ಗಾಡಿಗೆ ಆಮೇಲೆ ಹೊಗೆಯ ಮಸಿ ತಡೆಯೋ ಫಿಲ್ಟರ್ ಹಾಕಿಸಿರಬೇಕು. 2003ರದ್ದು ಸಾಮಾನ್ಯವಾಗಿ ಯೂರೋ 3. ಫಿಲ್ಟರ್ ಹಾಕಿಸಿದ ದಾಖಲೆ ಇಲ್ಲದಿದ್ದರೆ ನೀವೇ ದುಡ್ಡು ಕೊಟ್ಟು ತಂದ ಗಾಡಿಯನ್ನ ನಿಮ್ಮ ಮನೆ ಬಾಗಿಲಿಗೆ ತರೋಕಾಗಲ್ಲ! ಹಳೆ ಗಾಡಿಗೆ ವಿಂಟೇಜ್ ನಂಬರ್ ಪ್ಲೇಟ್ ಹಾಕಿಸಿದರೆ ವಿನಾಯಿತಿ ಅಂತ ಯಾರಾದರೂ ಹೇಳಬಹುದು. ಅದು 30 ವರ್ಷ ತುಂಬಿದ ಗಾಡಿಗೆ.

ಆದರೆ ಸ್ಟಿಕ್ಕರ್ ದೊಡ್ಡ ವಿಷಯ ಅಲ್ಲ, ನೀರು ದೊಡ್ಡ ವಿಷಯ. ನಾವೆಲ್ಲ ಕಾರು ನೋಡೋ ಕಣ್ಣಲ್ಲೇ ಮೋಟರ್‌ಹೋಮ್ ನೋಡ್ತೀವಿ, ಮೊದಲು ಕೇಳೋದೇ ಎಷ್ಟು ಕಿಲೋಮೀಟರ್ ಅಂತ. ಇಲ್ಲಿಯ ಬಹುಪಾಲು ಮೋಟರ್‌ಹೋಮ್‌ಗಳ ಕೆಳಗಿರೋದು ಫಿಯಟ್ ಡುಕಾಟೊ, ಸಾಮಾನು ಸಾಗಿಸೋ ವ್ಯಾನು. ಅದರ ಎಂಜಿನ್ನಿಗೆ 95 ಸಾವಿರ ಏನೂ ಅಲ್ಲ. ಸಾಯೋದು ಮೇಲಿನ ಮನೆ. ಹಳೆಯವುಗಳ ಗೋಡೆ ಹೇಗಿರುತ್ತೆ ಅಂದರೆ ಹೊರಗೆ ತೆಳು ಅಲ್ಯೂಮಿನಿಯಂ ತಗಡು, ನಡುವೆ ಮರದ ರೀಪು ಮತ್ತು ಥರ್ಮಾಕೋಲ್, ಒಳಗೆ ಬಣ್ಣದ ಕಾಗದ ಅಂಟಿಸಿದ ತೆಳು ಪ್ಲೈವುಡ್. ಚಾವಣಿಯ ಅಂಚಿನ ರಬ್ಬರು, ಕಿಟಕಿ ಸುತ್ತಲಿನ ಅಂಟು, ಹಿಂದಿನ ಲೈಟು ಕೂಡಿಸಿದ ಜಾಗ, ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ಸಾಕು, ಮಳೆ ನೀರು ಒಳಗೆ ಇಳಿದು ರೀಪು ಕೊಳೆಯುತ್ತಾ ಹೋಗುತ್ತೆ, ವರ್ಷಗಟ್ಟಲೆ ಹೊರಗಿಂದ ಏನೂ ಕಾಣಲ್ಲ. ರಿಪೇರಿ ಖರ್ಚು ಎಷ್ಟೋ ಸಲ ಗಾಡಿ ಬೆಲೆಯನ್ನೇ ಮೀರುತ್ತೆ.

ಕಾಸೆಲ್ ಹತ್ತಿರ ಗೆಳೆಯನ ಜೊತೆ ಒಂದು ಗಾಡಿ ನೋಡೋಕೆ ಹೋಗಿದ್ದೆ. ಮಾಲೀಕರು ತುಂಬಾ ಒಳ್ಳೆಯವರು, ಕಾಫಿ ಕೊಟ್ಟರು. ಗಾಡಿ ಥಳಥಳ ಹೊಳೀತಿತ್ತು. ಕಿಟಕಿಗಳೆಲ್ಲ ಅಷ್ಟು ಚಳಿಯಲ್ಲೂ ತೆರೆದಿದ್ದವು, ಅದೇ ನನಗೆ ಅನುಮಾನ. ಹಿಂದಿನ ಹಾಸಿಗೆ ಎತ್ತಿ ಮೂಲೆಯಲ್ಲಿ ಹೆಬ್ಬೆರಳು ಒತ್ತಿದೆ. ಗೋಡೆ ಮೆತ್ತಗೆ ಒಳಕ್ಕೆ ಹೋಯಿತು, ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಪಕ್ಕದ ಸ್ಕ್ರೂ ತಲೆಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಮೇಲಿನ ಬೀರು ತೆರೆದು ಮೂಗು ಒಳಗಿಟ್ಟರೆ ಮಳೆಗಾಲದಲ್ಲಿ ಒಣಗದ ಕಂಬಳಿಯ ವಾಸನೆ. ನನ್ನ ಗೆಳೆಯ ಆ ಗಾಡಿಯ ಎಂಜಿನ್ ಸದ್ದು ಕೇಳಿ ಆಗಲೇ ಮನಸ್ಸು ಕೊಟ್ಟುಬಿಟ್ಟಿದ್ದ, ಅವನನ್ನ ಎಳೆದುಕೊಂಡು ಬರೋದೇ ಕಷ್ಟವಾಯಿತು.

ಹಾಗಾದರೆ 2021ರದ್ದೇ ವಾಸಿ ಅಲ್ವಾ ಅಂತೀರಿ. ಕೊರೊನಾ ಸಮಯದಲ್ಲಿ ವಿಮಾನ ಇಲ್ಲ, ಹೋಟೆಲ್ ಇಲ್ಲ ಅಂತ ಜರ್ಮನ್ನರು ಮುಗಿಬಿದ್ದು ಮೋಟರ್‌ಹೋಮ್ ಕೊಂಡರು. 2020ರಲ್ಲಿ 78 ಸಾವಿರ, 2021ರಲ್ಲಿ 81 ಸಾವಿರ ಹೊಸ ಗಾಡಿ ನೋಂದಣಿ ಆದವು. ಅವೇ ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರ್ತಾ ಇವೆ. ಎಷ್ಟೋ ಜನ ಆಗಿನ ಜಾಸ್ತಿ ಬೆಲೆಯನ್ನೇ ಮನಸ್ಸಲ್ಲಿಟ್ಟುಕೊಂಡು ಕೇಳ್ತಾರೆ. ಸುಮ್ನೆ ಕೊಡಬೇಡಿ, ಚೌಕಾಶಿ ಮಾಡಿ. ಹೊಸ ಗಾಡಿಗೆ ನೀರು ಸೋರದ ಗ್ಯಾರಂಟಿ ಹಲವು ವರ್ಷ ಇರುತ್ತೆ, ಆದರೆ ವರ್ಷವರ್ಷ ತೇವಾಂಶ ತಪಾಸಣೆ ಮಾಡಿಸಿ ಪುಸ್ತಕದಲ್ಲಿ ಮುದ್ರೆ ಹಾಕಿಸಿದ್ದರೆ ಮಾತ್ರ. ಒಂದು ವರ್ಷ ತಪ್ಪಿಸಿದ್ದರೂ ಆ ಗ್ಯಾರಂಟಿ ಕೈತಪ್ಪಬಹುದು. ಆ ಪುಸ್ತಕ ತೋರಿಸಿ ಅಂತ ಕೇಳಿ.

ಈಗ ಆ 3.5 ಟನ್. ಜಾಹೀರಾತಿನಲ್ಲಿ ಖಾಲಿ ತೂಕ 3,000 ಕಿಲೋ ಅಂತಿದ್ದರೆ 500 ಕಿಲೋ ಉಳಿಯಿತು ಅನ್ನಿಸುತ್ತೆ. ಡ್ರೈವರಿನ 75 ಕಿಲೋ, ಡೀಸೆಲ್ ಅದರಲ್ಲಿ ಸೇರಿರುತ್ತೆ, ನಿಜ. ಆದರೆ ಆಮೇಲೆ ಹಾಕಿಸಿದ ಬಿಸಿಲು ಚಪ್ಪರ, ಸೈಕಲ್ ಸ್ಟ್ಯಾಂಡ್, ಎರಡನೇ ಬ್ಯಾಟರಿ, ಸೋಲಾರ್ ಯಾವುದೂ ಸೇರಿರಲ್ಲ. ಅದನ್ನೆಲ್ಲ ಕಳೆದು, ನಿಮ್ಮ ಮನೆಯವರು, ಮಕ್ಕಳು, ನಾಲ್ಕು ಸೈಕಲ್, ಟ್ಯಾಂಕ್ ತುಂಬ ನೀರು, ಅದರ ಮೇಲೆ ನಮ್ಮವರ ಅಕ್ಕಿ, ಬೇಳೆ, ಕುಕ್ಕರ್, ಉಪ್ಪಿನಕಾಯಿ ಜಾಡಿ, ಎಲ್ಲ ಉಳಿದದ್ದರಲ್ಲೇ ಹಿಡಿಸಬೇಕು. (ರುಬ್ಬೋ ಗ್ರೈಂಡರ್ ತಗೊಂಡು ಹೋದವರನ್ನೂ ನೋಡಿದ್ದೀನಿ, ಇಡ್ಲಿ ಮಾತ್ರ ಚೆನ್ನಾಗಿತ್ತು.) ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡಿನ ಪೊಲೀಸರು ಗಾಡಿ ನಿಲ್ಲಿಸಿ ತೂಕ ಹಾಕ್ತಾರೆ, ಜಾಸ್ತಿ ಇದ್ದರೆ ದಂಡ, ಕೆಲವೊಮ್ಮೆ ಸಾಮಾನು ಇಳಿಸಿಯೇ ಮುಂದೆ ಹೋಗಬೇಕು. ಕೊಳ್ಳೋ ಮುಂಚೆ ಗಾಡಿಯನ್ನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ಮಾಡಿಸಿ, ಮಾರುವವರು ಬೇಡ ಅಂದರೆ ವಾಪಸ್ ಬನ್ನಿ.

ಸಾಲದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ವರ್ಷಕ್ಕೆ ನಾಲ್ಕು ವಾರ ಬಳಸೋ ವಸ್ತುವಿಗೆ, ಅದೂ ವೀಸಾ, ಕೆಲಸ, ಮನೆ ಯಾವುದೂ ಪೂರ್ತಿ ನೆಲೆಯಾಗದ ಹೊತ್ತಲ್ಲಿ, 30 ಸಾವಿರ ಸಾಲ ಬೇಡ. ನಾಳೆ ಕಂಪನಿ ಹ್ಯಾಂಬರ್ಗಿಗೆ ಹೋಗಿ ಅಂದರೆ ಅಥವಾ ಊರಿಗೆ ಹೊರಡೋ ಪರಿಸ್ಥಿತಿ ಬಂದರೆ ಅವಸರದಲ್ಲಿ ಮಾರಬೇಕಾಗುತ್ತೆ.

ಹಾಗಾಗಿ ನಾನಾದರೆ 2008ರಿಂದ 2013ರ ನಡುವಿನದ್ದು ಹುಡುಕ್ತೀನಿ. ಹಸಿರು ಸ್ಟಿಕ್ಕರ್ ಸಿಗುತ್ತೆ, ಮೊದಲ ವರ್ಷಗಳ ದೊಡ್ಡ ಬೆಲೆ ಇಳಿತ ಇನ್ನೊಬ್ಬರ ತಲೆ ಮೇಲೆ ಹೋಗಿದೆ, ಆಗಿನ ಕೆಲವು ಗಾಡಿಗಳಲ್ಲಿ ಚಾವಣಿಯೂ ಫೈಬರಿನದ್ದು. ಎಷ್ಟು ಜನ ಮಲಗಬಹುದು ಅನ್ನೋದಕ್ಕಿಂತ ಬೆಲ್ಟ್ ಇರೋ ಸೀಟು ಎಷ್ಟು ಅಂತ ಎಣಿಸಿ. ಹಳೆಯವುಗಳಲ್ಲಿ ಆರು ಹಾಸಿಗೆ ಇದ್ದರೂ ಮಕ್ಕಳ ಸೀಟು ಸರಿಯಾಗಿ ಕಟ್ಟೋಕೆ ಜಾಗ ಇರಲ್ಲ. ಟೈರಿನ ಮೇಲಿನ ನಾಲ್ಕಂಕಿ ನೋಡಿ, 1619 ಅಂದರೆ 2019ರ 16ನೇ ವಾರದ್ದು. ಆರು ವರ್ಷ ದಾಟಿದ್ದರೆ ಟೈರಿನ ಗೆರೆ ಎಷ್ಟೇ ಆಳ ಇದ್ದರೂ ಬದಲಾಯಿಸೋ ಖರ್ಚು ಲೆಕ್ಕಕ್ಕೆ ಸೇರಿಸಿ. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಕೂಡ ವರ್ಷದ ಲೆಕ್ಕದಲ್ಲೇ ಹಳತಾಗುತ್ತೆ, ಬದಲಿಸಿದ ಬಿಲ್ ಕೇಳಿ. ಒಳಗಿನ ಒಲೆ, ಹೀಟರಿನ ಗ್ಯಾಸ್ ತಪಾಸಣೆ ಎರಡು ವರ್ಷಕ್ಕೊಮ್ಮೆ ಆಗಲೇಬೇಕು, ಅದಕ್ಕೆ ಹಳದಿ ಪುಸ್ತಕ ಇರುತ್ತೆ. ಟ್ಯೂಫ್ (ಗಾಡಿ ರಸ್ತೆಗೆ ಯೋಗ್ಯವೇ ಅಂತ ನೋಡೋ ಕಡ್ಡಾಯ ತಪಾಸಣೆ) ಹೊಸದಾಗಿ ಮಾಡಿಸಿ ಕೊಡ್ತೀನಿ ಅಂತಾರೆ, ಒಳ್ಳೆಯದೇ, ಆದರೆ ಟ್ಯೂಫ್‌ನವರು ಬ್ರೇಕು, ಲೈಟು, ತುಕ್ಕು ನೋಡ್ತಾರೆ, ಗೋಡೆಯ ತೇವ ನೋಡಲ್ಲ.

ಡೀಲರ್ ಹತ್ತಿರ ಸ್ವಲ್ಪ ದುಬಾರಿ, ಆದರೆ ಮಾರುವಾಗಲೇ ಇದ್ದ ದೋಷಕ್ಕೆ ಕನಿಷ್ಠ ಒಂದು ವರ್ಷ ಅವರು ಹೊಣೆ. ಖಾಸಗಿಯವರು ಕರಾರಿನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದು, ಬೇಕಂತಲೇ ಮುಚ್ಚಿಟ್ಟಿದ್ದು ಅಂತ ನೀವೇ ಸಾಬೀತು ಮಾಡಬೇಕಾಗುತ್ತೆ. ಮೊದಲ ಗಾಡಿ ಡೀಲರ್ ಹತ್ತಿರವೇ ತಗೊಳ್ಳಿ ಅಂತ ನಾನು ಹೇಳೋದು.

ಲೈಸೆನ್ಸ್ ಆಗೋಷ್ಟರಲ್ಲಿ ಈ ಬೇಸಿಗೆ ಹೇಗೂ ಮುಗಿಯುತ್ತೆ. ಸೆಪ್ಟೆಂಬರ್ ಕೊನೆಗೆ ಒಂದು ವಾರ ಬಾಡಿಗೆಗೆ ತಗೊಂಡು ಮೋಸೆಲ್ ನದಿ ಕಡೆ ಹೋಗಿ ಬನ್ನಿ, ಮಳೆಯಲ್ಲಿ ಎರಡು ಮಕ್ಕಳ ಜೊತೆ ಆರು ಮೀಟರ್ ಪೆಟ್ಟಿಗೆಯಲ್ಲಿ ಇರೋಕಾಗುತ್ತಾ ಅಂತ ಗೊತ್ತಾಗುತ್ತೆ. ಆಸೆ ಹಾಗೇ ಉಳಿದರೆ ಅಕ್ಟೋಬರ್, ನವೆಂಬರಿನಲ್ಲಿ ಹುಡುಕಿ, ಆಗ ಚಳಿಗಾಲಕ್ಕೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲದವರು ಬೆಲೆ ಇಳಿಸ್ತಾರೆ. ನೋಡೋಕೆ ಹೋಗೋದಾದರೆ ಜೋರು ಮಳೆ ಬಂದ ಮಾರನೇ ದಿನ ಹೋಗಿ. ಶನಿವಾರ ಆದರೆ ಹೇಳಿ, ನಾನೂ ಬರ್ತೀನಿ, ತೇವ ಅಳೆಯೋ ಮೀಟರ್ ನನ್ನ ಹತ್ತಿರ ಇದೆ.